ದುಂಡು ಬಾವಿಯ ಐದನೆಯ ಗಡಗಡೆ

ನಾಲ್ಕು ಜನ ಗಣ್ಯರು ಒಂದು ದುಂಡು ಬಾವಿಯ ಸುತ್ತ ಮೂಲೆ ಹುಡುಕುತ್ತ ತಿರುಗುವುದನ್ನು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಖಾನಾಪುರದಲ್ಲಿ, ಮಾಘ ಮಾಸದಲ್ಲಿ, ನೆತ್ತಿ ಸುಡುವ ಮಧ್ಯಾಹ್ನ. ಬರೀ ನೋಡಿದ್ದಲ್ಲ. ಅದನ್ನು ಬರೆದುಕೊಳ್ಳುವುದೇ ನನ್ನ ಕೆಲಸವಾಗಿತ್ತು.

ನಾನು ಆ ಬಾವಿ ಕಮಿಟಿಯ ಸೆಕ್ರೆಟರಿ.

ಹೇಗಾದೆ ಎಂದು ಕೇಳಬೇಡಿ. (ಕೇಳದಿದ್ದರೂ ಹೇಳುತ್ತೇನೆ. ವಾರವಾರ ಬರೆಯುವವರಿಗೆ ಇದೊಂದು ಚಟ.) ನನ್ನ ಮನೆ ಶಹಾಪುರದಲ್ಲಿದೆ, ಅಂದರೆ ನಾನು ಸಂಸ್ಥಾನದ ಪ್ರಜೆ. ನಾನು ಬರೆಯುವ ಪತ್ರಿಕೆಯ ಆಫೀಸು ಬೆಳಗಾವಿಯಲ್ಲಿದೆ, ಅಂದರೆ ಇಂಗ್ಲಿಷರ ರಾಜ್ಯದಲ್ಲಿ. ಮುಂಜಾನೆಯ ಚಹಾ ಒಂದು ರಾಜ್ಯದಲ್ಲಿ, ಮಧ್ಯಾಹ್ನದ ಫಳಾರ ಇನ್ನೊಂದು ರಾಜ್ಯದಲ್ಲಿ. ಮನೆಯಲ್ಲಿ ಕನ್ನಡ, ನೆರೆಯ ನೇಕಾರರ ಜೊತೆ ಅರ್ಧ ಮರಾಠಿ, ಆಫೀಸಿನಲ್ಲಿ ಹರಕು ಇಂಗ್ಲಿಷು. ಇಂಥವನು ಯಾರ ಕಡೆಯವನೂ ಆಗಿರಲಾರನೆಂದು ಖಾನಾಪುರದವರು ಭಾವಿಸಿದರು. ಯಾರ ಕಡೆಯವನೂ ಅಲ್ಲದವನನ್ನು ನಮ್ಮ ಕಡೆ ಸೆಕ್ರೆಟರಿ ಮಾಡುತ್ತಾರೆ. ಹಾಗೆ ಖಾನಾಪುರಕ್ಕೆ ಹೋಗುವ ಶನಿವಾರದ ರೈಲು ನನ್ನ ಪಾಲಿಗೆ ಬಂತು.

ವಿಷಯ ಸರಳವಾದದ್ದು. ತಾಲೂಕು ಬೋರ್ಡಿನವರು ಖಾನಾಪುರದ ಸಂತೆ ಬಯಲಿನ ಹತ್ತಿರ ಒಂದು ಬಾವಿ ತೋಡಿಸಿದರು. ಒಳ್ಳೆಯ ಬಾವಿ. ಬೇಸಗೆಯಲ್ಲೂ ಬತ್ತದ ಸೆಲೆ, ಕಲ್ಲಿನ ಕಟ್ಟಡ, ಸುತ್ತಲೂ ಹಗ್ಗ ಹಾಯಿಸಲು ನಾಲ್ಕು ಗಡಗಡೆ. ಅಷ್ಟರಲ್ಲಿ ಮೇಲಿನಿಂದ ಒಂದು ಸರ್ಕ್ಯುಲರ್ ಬಂತು. ಸರಕಾರದ ದುಡ್ಡಿನ ಬಾವಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರೂ ಸೇರಿ ಎಲ್ಲರೂ ನೀರು ಸೇದಬೇಕು. ಇಲ್ಲವಾದರೆ ಗ್ರಾಂಟು ವಾಪಸ್.

ತಾಲೂಕಿನ ಮಾಮಲೇದಾರರು ಸುಧಾರಿಸಿದ ಮನುಷ್ಯ. “ಇದನ್ನು ಹುಕುಮಿನಿಂದ ಮಾಡುವುದು ಬೇಡ, ವಿಚಾರವಿನಿಮಯದಿಂದ ಮಾಡೋಣ. ಎಲ್ಲ ಸಮಾಜದವರೂ ಕೂತು ಮಾತಾಡಿ ನಿಯಮ ಮಾಡಿಕೊಳ್ಳಲಿ” ಎಂದರು. ಹಾಗೆಂದು ಕಮಿಟಿ ನೇಮಿಸಿ ತಾವು ಹಳ್ಳಿ ಸುತ್ತುವ ಫಿರ್ತಿಗೆ ಹೊರಟುಹೋದರು.

ಕಮಿಟಿಯಲ್ಲಿ ನಾಲ್ವರು. ಅಧ್ಯಕ್ಷರು ಶಿವಲಿಂಗಪ್ಪ ಅಂಗಡಿಯವರು, ಲಿಂಗಾಯತರು, ಬಟ್ಟೆ ವ್ಯಾಪಾರಿ. ಮನುಷ್ಯರೆಲ್ಲ ಒಂದೇ ಎಂಬುದು ಅವರ ಮನೆತನದಲ್ಲಿ ತಲೆತಲಾಂತರದಿಂದ ಬಂದ ಮಾತು. ಅದನ್ನು ಅವರು ಕಣ್ಣು ಮುಚ್ಚಿ ಹೇಳುತ್ತಾರೆ. (ಕಣ್ಣು ತೆರೆದು ಹೇಳಿದ್ದನ್ನು ನಾನು ನೋಡಿಲ್ಲ.) ಎರಡನೆಯವರು ಬಾಳಾಸಾಹೇಬ ಪಾಟೀಲರು, ಮರಾಠರು, ಜಮೀನುದಾರರು. ಮೂರನೆಯವರು ವಾಸುದೇವ ದೀಕ್ಷಿತರು, ಬ್ರಾಹ್ಮಣರು, ಶಾಸ್ತ್ರ ಬಲ್ಲವರು. ನಾಲ್ಕನೆಯವರು ಕಟ್ಟಿಗೆ ಅಡ್ಡೆಯ ಹುಸೇನಸಾಹೇಬರು. ನಾಲ್ಕು ಗಡಗಡೆಗೆ ನಾಲ್ಕು ಸಮಾಜ. ಲೆಕ್ಕ ಎಷ್ಟು ಚೊಕ್ಕಟವಾಗಿತ್ತು ನೋಡಿ! ಸರ್ಕ್ಯುಲರ್ ಬಾರದಿದ್ದರೆ ಕಮಿಟಿಯೇ ಬೇಕಿರಲಿಲ್ಲ.

ಸಭೆ ಚಾವಡಿಯಲ್ಲಿ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಿಂದ ತಂಬಿಗೆಯಲ್ಲಿ ಕುಡಿಯುವ ನೀರು ತಂದಿದ್ದರು. ನೀರು ಎಲ್ಲರದೂ ಆಗಬೇಕೆಂದು ಮಾತಾಡಲು ಸೇರಿದವರ ನಡುವೆ ನಾಲ್ಕು ತಂಬಿಗೆ, ನಾಲ್ಕಕ್ಕೂ ಬೇರೆ ಬೇರೆ ಮುಚ್ಚಳ. ಐದನೆಯ ತಂಬಿಗೆ ನನ್ನದು. (ನಗುವವರು ನನ್ನಿಂದಲೇ ಶುರು ಮಾಡಲಿ.)

ಮೊದಲ ಸಭೆಯಲ್ಲಿ ಚರ್ಚೆಯಾದದ್ದು ಒಂದೇ ಪ್ರಶ್ನೆ. ಅಸ್ಪೃಶ್ಯರೆನಿಸಿಕೊಂಡ ಕೆಳಗಿನ ಕೇರಿಯವರ ಕೊಡ ತಾಕಿದರೆ ನೀರು ಮೈಲಿಗೆಯಾಗುವುದೋ ಇಲ್ಲವೋ? ಮುಂಜಾನೆ ದೀಕ್ಷಿತರು ಆಗುತ್ತದೆ ಎಂದರು. ಮಧ್ಯಾಹ್ನ ಗ್ರಾಂಟಿನ ನೆನಪೋಲೆ ಬಂತು. ದೀಕ್ಷಿತರು ಮತ್ತೊಮ್ಮೆ ಶಾಸ್ತ್ರ ತೆಗೆದು ನೋಡಿದರು.

“ಸೆಲಿ ಕೆಳಗಿನಿಂದ ಬರ್ತದ. ಅಂದಮ್ಯಾಲೆ ಅದು ಹರಿಯೋ ನೀರು. ಹರಿಯೋ ನೀರಿಗೆ ದೋಷ ಇಲ್ಲ” ಎಂದರು. ಎಲ್ಲರೂ ಉಸಿರು ಬಿಟ್ಟರು. “ಆದರ ಕಟ್ಟಿ ಹರಿಯೂದಿಲ್ಲ ನೋಡ್ರಿ. ಕಟ್ಟಿಗೆ ದೋಷ ಅದ.”

ಹೀಗೆ ನೀರು ಎಲ್ಲರದೂ ಆಯಿತು, ಕಟ್ಟೆ ಉಳಿಯಿತು. ಐದನೆಯದೊಂದು ಗಡಗಡೆ ಹಾಕಬೇಕು, ಅದು ಕೆಳಗಿನ ಕೇರಿಯವರಿಗೆ, ಎಂದು ಸರ್ವಾನುಮತದಿಂದ ಪಾಸಾಯಿತು. ಚಪ್ಪಾಳೆ ಕೂಡ ಬಿದ್ದವು.

ಆ ರಾತ್ರಿ ಶಹಾಪುರಕ್ಕೆ ಮರಳಿ ಊಟಕ್ಕೆ ಕೂತಾಗ ನನ್ನಾಕೆಗೆ ಇದನ್ನೆಲ್ಲ ಹೇಳಿದೆ. ಆಕೆ ಭಕ್ಕರಿ ಬಡಿಸುತ್ತ ಕೇಳಿದಳು: “ಅಲ್ರಿ, ನೀರು ಸೇದೂ ಮಂದಿ ಎಷ್ಟ ಜನ ಇದ್ದಾರ ನಿಮ್ಮ ಕಮಿಟಿಯೊಳಗ?”

“ಅಂದರ?”

“ಹೆಂಗಸರು.”

ಎಲ್ಲ ಹೆಂಗಸರ ಪರವಾಗಿಯೂ ಗಂಡಸರಿದ್ದಾರೆ ಎಂದೆ. ಆಕೆ ಇನ್ನೊಂದು ಭಕ್ಕರಿ ಹಾಕಲಿಲ್ಲ.

ಎರಡನೆಯ ಸಭೆ. ಐದನೆಯ ಗಡಗಡೆ ಎಲ್ಲಿ ಹಾಕಬೇಕು? ಅಂಗಡಿಯವರು ಕಣ್ಣು ಮುಚ್ಚಿ ಹೇಳಿದರು: “ಎಲ್ಲಾರ ಅಭಿಪ್ರಾಯ ತಗೊಂಡ ಮ್ಯಾಲನ ಠರಾವು. ಯಾರನ್ನೂ ಬಿಟ್ಟ ಮಾಡೂದು ಬ್ಯಾಡ. ಅವರನ್ನೂ ಕರೀರಿ.”

ಕರೆದೆವು. ಕೇರಿಯ ಗಂಡಸರು ಹಂಚಿನ ಭಟ್ಟಿಗೆ ಕೆಲಸಕ್ಕೆ ಹೋಗಿದ್ದರು. ಹಾಗಾಗಿ ಗಂಗವ್ವ ಎಂಬ ಹೆಂಗಸು ಬಂದಳು. ವಯಸ್ಸಾದವಳು, ಗಟ್ಟಿ ದನಿ, ಮೊಣಕಾಲು ಮಾತ್ರ ಸೋತಿದ್ದವು. ಅವಳನ್ನು ಕರೆದದ್ದು ಖರೆ, ಆದರೆ ಚಾವಡಿಯೊಳಗೆ ಕರೆಯುವ ಠರಾವು ಆಗಿರಲಿಲ್ಲ. ಎದುರಿನ ಹುಣಸೆಮರದ ಕೆಳಗೆ ಕೂಡಿಸಿದೆವು.

ಈಗ ವಿಚಾರವಿನಿಮಯ ಹೇಗೆ? ಅದಕ್ಕೊಂದು ಪದ್ಧತಿ ಮಾಡಿಕೊಂಡೆವು. ಅಧ್ಯಕ್ಷರು ಕನ್ನಡದಲ್ಲಿ ಪ್ರಶ್ನೆ ಕೇಳುವುದು. ಪಾಟೀಲರ ಗೌರವಕ್ಕಾಗಿ ನಾನು ಅದನ್ನು ಮರಾಠಿಗೆ ತಿರುಗಿಸುವುದು. (ಪಾಟೀಲರ ಕನ್ನಡ ನನ್ನ ಕನ್ನಡಕ್ಕಿಂತ ಚಲೋ ಇದೆ.) ಆಮೇಲೆ ಬಾಗಿಲಲ್ಲಿ ನಿಂತ ತಳವಾರ ಅದೇ ಪ್ರಶ್ನೆಯನ್ನು ಹುಣಸೆಮರಕ್ಕೆ ಕೂಗಿ ಹೇಳುವುದು. ಕನ್ನಡದಿಂದ ಕನ್ನಡಕ್ಕೆ ಭಾಷಾಂತರವಾಗುವುದನ್ನು ನಾನು ನೋಡಿದ್ದು ಅದೇ ಮೊದಲು.

ತಳವಾರ ಕೂಗಿದ: “ಗಡಗಡಿ ಯಾವ ಬಾಜೂಕ ಬೇಕಂತ ಕಮಿಟಿ ಕೇಳಾಕ ಹತ್ತೈತಿ!”

“ಕೇಳಿಸೇತಿ, ನಾ ಏನ ಕಿವುಡಿ ಅದೀನೇನು?” ಎಂದಳು ಗಂಗವ್ವ. ಆಮೇಲೆ ತಳವಾರನನ್ನು ಬಿಟ್ಟು ನೇರವಾಗಿ ನಮಗೇ ಹೇಳಿದಳು: “ಯಾವ ಬಾಜೂಕಾದರೂ ಹಾಕ್ರಿ, ಲಗೂ ಹಾಕ್ರಿ. ನನ್ನ ಸೊಸಿ ಬಸರ ಅದಾಳ. ಹೋದ ಬ್ಯಾಸಗ್ಯಾಗ ಹೊಳಿ ಏರು ಹತ್ತೂಮುಂದ ಕೊಡ ಸಮೇತ ಬಿದ್ದ ಒಂದ ಕಳಕೊಂಡಾಳ. ಈ ಸಲ ಆಕಿನ್ನ ಹೊಳಿಗೆ ಕಳಸೂದಿಲ್ಲ ನಾ. ನನ್ನ ಮೊಣಕಾಲ ನಡ್ಯಾಂಗಿಲ್ಲ. ಹೆರಿಗಿ ನಿಮ್ಮ ಕಮಿಟಿ ದಾರಿ ಕಾಯೂದಿಲ್ಲರಿ.”

ಒಳಗೆ ಹುಸೇನಸಾಹೇಬರು ತಲೆಯ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ನಾನು ಬರೆಯುವುದನ್ನು ನಿಲ್ಲಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಅಂಗಡಿಯವರು ಎರಡು ಸಲ ಕೆಮ್ಮಿದರು. ಆಮೇಲೆ ತಳವಾರನ ಕಡೆ ತಿರುಗಿ ಹೇಳಿದರು: “ನಾವು ಕೇಳಿದ್ದು ಬಾಜೂ. ಬಾಜೂ ಯಾವುದಂತ ಆಕಿ ಹೇಳಲಿಲ್ಲ.”

ಹೀಗಾಗಿ ಬಾಜೂ ನಾವೇ ಗೊತ್ತು ಮಾಡಬೇಕಾಯಿತು. ದಾರಿ ತೋರಿಸಿದವರು ಪಾಟೀಲರು. “ಇದರಾಗ ಏನೈತ್ರಿ? ಒಂದ ಮೂಲಿ ನೋಡಿ ಹಾಕಿಬಿಡೂಣು” ಎಂದರು.

ಎಲ್ಲರ ಮುಖವೂ ಅರಳಿತು. ಮೂಲೆ! ಯಾರಿಗೂ ತಾಕದ, ಯಾರ ಕಣ್ಣಿಗೂ ಬೀಳದ ಜಾಗ. ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಊರುಗಳಲ್ಲಿ ಬೇಡವಾದವರಿಗೆ ಯಾವಾಗಲೂ ಕೊಡುವುದು ಅದನ್ನೇ ಅಲ್ಲವೇ? ದೀಕ್ಷಿತರು ಅನುಮೋದಿಸಿದರು. ಸರ್ವಾನುಮತ. “ಐದನೆಯ ಗಡಗಡೆಯನ್ನು ಬಾವಿಯ ಮೂಲೆಯಲ್ಲಿ ಹಾಕತಕ್ಕದ್ದು” ಎಂದು ನಾನು ಎರಡು ಭಾಷೆಯಲ್ಲೂ ಚೊಕ್ಕ ಅಕ್ಷರದಲ್ಲಿ ಬರೆದೆ. ಬಾವಿ ತೋಡುವುದನ್ನು ಆ ನಾಲ್ವರೂ ತಿಂಗಳುಗಟ್ಟಲೆ ನೋಡಿದ್ದರು. ರೈಲಿನಿಂದಿಳಿದು ಬರುವಾಗ ಪ್ರತಿ ಶನಿವಾರ ನಾನೂ ಅದನ್ನು ದಾಟಿಯೇ ಬರುತ್ತಿದ್ದೆ. ಒಬ್ಬರಿಗೂ ಹೊಳೆಯಲಿಲ್ಲ.

ಠರಾವು ಜಾರಿ ಮಾಡಲು ಬಾವಿಗೆ ಹೋದೆವು. ಬಾವಿ ದುಂಡಗಿತ್ತು.

ಅಂಗಡಿಯವರು ಒಂದು ಸುತ್ತು ಹಾಕಿದರು. ಪಾಟೀಲರು ಎದುರು ದಿಕ್ಕಿನಿಂದ ಒಂದು ಸುತ್ತು ಹಾಕಿದರು. ಇಬ್ಬರೂ ನಡುವೆ ಭೆಟ್ಟಿಯಾಗಿ ಒಬ್ಬರ ಮುಖ ಒಬ್ಬರು ನೋಡಿದರು. ದೀಕ್ಷಿತರು ಒಂದೇ ಕಡೆ ನಿಂತು ಕಣ್ಣಿನಿಂದಲೇ ಸುತ್ತು ಹಾಕಿದರು. ಬೋರ್ಡಿನ ಓವರಸಿಯರನ್ನು ಕರೆಸಿ ಅಂಗಡಿಯವರು ಕೇಳಿದರು: “ಇದನ್ನ ಚೌಕ ಮಾಡಾಕ ಬರತೈತೇನು?”

“ಬರತದ್ರಿ” ಎಂದ ಓವರಸಿಯರ. “ಹೊಸಾ ಬಾವಿ ತೋಡಬೇಕು.”

ಇನ್ನು ತೊಡಕು ನೋಡಿ. ಮೂಲೆ ಇಲ್ಲದ ಮೇಲೆ ಐದನೆಯದನ್ನು ಎಲ್ಲೇ ಹಾಕಿದರೂ ಅದಕ್ಕೆ ಎರಡು ಮಗ್ಗುಲು. ಎರಡು ಮಗ್ಗುಲಿಗೂ ಯಾರಾದರೂ ಇರಲೇಬೇಕು. ಹುಸೇನಸಾಹೇಬರು ಮುಂದೆ ಬಂದರು: “ನಮ್ಮ ಬಾಜೂಕ ಹಾಕ್ರಿ, ನಮ್ದೇನೂ ತಕರಾರಿಲ್ಲ. ಆದ್ರ ಎರಡನೇ ಬಾಜೂಕ ಯಾರು?”

ಎರಡನೆಯ ಬಾಜೂಕ ಯಾರೂ ಇರಲಿಲ್ಲ. ಎಲ್ಲರಿಗೂ ತತ್ವ ಒಪ್ಪಿಗೆ, ಜಾಗ ಒಪ್ಪಿಗೆಯಿಲ್ಲ. ಪಾಟೀಲರು ತಮ್ಮ ಗಡಗಡೆಯನ್ನು ಅಂಗಡಿಯವರ ಕಡೆ ತುಸು ಸರಿಸೋಣ ಎಂದರು. ಅಂಗಡಿಯವರು ತಮ್ಮದನ್ನು ದೀಕ್ಷಿತರ ಕಡೆ ಸರಿಸೋಣ ಎಂದರು. ದೀಕ್ಷಿತರು ಹುಸೇನಸಾಹೇಬರ ಕಡೆ ನೋಡಿದರು. ಸರಿಸುತ್ತ ಸರಿಸುತ್ತ ಹೊತ್ತು ಇಳಿಯುವುದರೊಳಗೆ ಒಂದು ತೀರ್ಮಾನವಾಯಿತು. ನಾಲ್ಕು ಗಡಗಡೆಗಳನ್ನು ಕಿತ್ತು ಊರ ಕಡೆಯ ಮಗ್ಗುಲಲ್ಲಿ ಎರಡೇ ಎರಡು ಹಾಕುವುದು. ಒಂದರ ಮೇಲೆ ಅಂಗಡಿಯವರು ಮತ್ತು ದೀಕ್ಷಿತರು. ಇನ್ನೊಂದರ ಮೇಲೆ ಪಾಟೀಲರು ಮತ್ತು ಹುಸೇನಸಾಹೇಬರು. ಉಳಿದ ಅರ್ಧ ಬಾವಿ ಖಾಲಿ. ಆ ಖಾಲಿಯ ನಟ್ಟನಡುವೆ ಗಂಗವ್ವನ ಕೇರಿಯ ಗಡಗಡೆ. (ಎಣಿಸಿದರೆ ಈಗ ಅದು ಮೂರನೆಯದು, ಆದರೂ ದಫ್ತರದಲ್ಲಿ ಐದನೆಯದೇ.)

ಅಂಗಡಿಯವರ ಮನೆಗೂ ದೀಕ್ಷಿತರ ಮನೆಗೂ ಅಜ್ಜಂದಿರ ಕಾಲದಿಂದ ನೀರಿನ ಬಳಕೆ ಇರಲಿಲ್ಲ. ಈಗ ಒಂದೇ ಹಗ್ಗ! ಎಷ್ಟು ಭಾಷಣಗಳಿಂದ ಆಗದ ಐಕ್ಯ ಇದು? ಗಂಗವ್ವನಿಂದ ದೂರ ಇರಬೇಕೆಂಬ ಒಂದೇ ಒಂದು ಆಸೆ ನಾಲ್ಕು ಸಮಾಜಗಳನ್ನು ಒಂದು ಮಾಡಿತ್ತು. ಮಾಮಲೇದಾರರಿಗೆ ರಿಪೋರ್ಟು ಕಳಿಸಿದೆ. “ವಿಚಾರವಿನಿಮಯದ ಉತ್ತಮ ಫಲ” ಎಂದು ಅವರು ಮೆಚ್ಚಿ ಉತ್ತರ ಬರೆದರು.

ಯುಗಾದಿಯ ಮುಂಚೆ ಗಡಗಡೆಗಳು ಬಂದವು. ಗಂಗವ್ವ ಮೊದಲ ಕೊಡ ಸೇದಿದಳು. ಆಕೆಯ ಸೊಸೆ ಈ ಸಲ ಹೊಳೆಗೆ ಹೋಗಲಿಲ್ಲ. ಚೈತ್ರದಲ್ಲಿ ಹೆರಿಗೆಯಾಯಿತು. ಹೆಣ್ಣುಮಗು, ತಾಯಿಯೂ ಕ್ಷೇಮ. ಮಗುವಿಗೆ ಎರೆದದ್ದು ಆ ಬಾವಿಯ ನೀರು. ಸುದ್ದಿ ಕೇಳಿ ನನಗೆ ಬಹಳ ಸಂತೋಷವಾಯಿತು. ತಪ್ಪು ಕಾರಣಕ್ಕೆ ಆದ ಒಳ್ಳೆಯ ಕೆಲಸವೂ ಒಳ್ಳೆಯ ಕೆಲಸವೇ ಎಂದು ಸಮಾಧಾನ ಮಾಡಿಕೊಂಡೆ.

ಈಗ ವೈಶಾಖ. ಬೇರೆ ಬಾವಿಗಳು ತಳ ಕಂಡಿವೆ. ಊರಿಗೆ ಊರೇ ಈ ಬಾವಿಗೆ ಬರುತ್ತಿದೆ. ಆದರೆ ಊರಿಗೆ ಗಡಗಡೆ ಎರಡೇ. ಅವುಗಳ ಮುಂದೆ ಕೊಡಗಳ ಸಾಲು ಸಂತೆ ಬಯಲಿನವರೆಗೆ. ಆಚೆ ಬದಿಗೆ ಕೇರಿಯ ನಾಲ್ಕಾರು ಹೆಂಗಸರು ಬರುತ್ತಾರೆ, ಸೇದುತ್ತಾರೆ, ಹೋಗುತ್ತಾರೆ. ಅರ್ಧ ಬಾವಿ ಅವರದು. ನಾವೇ ಕೊಟ್ಟದ್ದು, ಸರ್ವಾನುಮತದಿಂದ.

ಹೋದ ರವಿವಾರ ಅಂಗಡಿಯವರು ಶಹಾಪುರಕ್ಕೆ, ನಮ್ಮ ಮನೆಗೇ ಬಂದರು. ರುಮಾಲು ವಾರೆಯಾಗಿತ್ತು. “ಬರ್ರಿ, ಕುಂದರ್ರಿ” ಎಂದೆ. ಕೂಡಲಿಲ್ಲ.

“ರಾಯರ, ಮರ್ಯಾದಿ ಹೋತು” ಎಂದರು. “ನಮ್ಮ ಸೊಸಿ ನಿನ್ನೆ ಮಧ್ಯಾಹ್ನ ಸಾಲಿನಾಗ ನಿಂತ ನಿಂತ ಸಾಕಾಗಿ, ಆಚೀ ಬಾಜೂಕ ಹೋಗ್ಯಾಳ. ಅಲ್ಲೆ ಆ ಗಂಗವ್ವ ಸೇದಾಕ ಹತ್ತಿದ್ದಳು. ನಮ್ಮ ಸೊಸಿಗೆ ಏನಂದಾಳ ಗೊತ್ತೈತೇನು? ‘ತಡೀ ಎವ್ವಾ, ನನ್ನ ಕೊಡ ತುಂಬಲಿ’ ಅಂದಾಳ!”

“ಸೊಸಿಯವರು ತಡದರೇನು?”

“ತಡದಾಳ! ತಡದು, ತುಂಬಿಕೊಂಡು, ಮನಿಗೆ ಬಂದಾಳ. ನಾವು ಅದ ನೀರಿನ ಚಾ ಕುಡದೀವಿ.”

ಚಹಾ ಹೇಗಿತ್ತು ಎಂದು ನಾನು ಕೇಳಲಿಲ್ಲ. ಸೊಸೆ ಕಟ್ಟೆ ದಾಟಿ ಹೋದದ್ದಕ್ಕೆ ಅವರಿಗೆ ಸಿಟ್ಟಿರಲಿಲ್ಲ, ಅಲ್ಲಿ ಕಾಯಬೇಕಾದದ್ದಕ್ಕೆ ಸಿಟ್ಟಿತ್ತು. ಇದನ್ನು ಗಮನಿಸಿ. ದೋಷ ಕಟ್ಟೆಯಿಂದ ಎದ್ದು ಸಾಲಿಗೆ ಬಂದು ನಿಂತಿತ್ತು.

“ಶನಿವಾರ ಮೀಟಿಂಗ್ ಕರೀರಿ” ಎಂದರು. “ಅಲ್ಲೀತನಕ ಆ ಗಡಗಡಿ ಹಗ್ಗ ಬಿಚ್ಚಸ್ರಿ. ಬಂದ್ ಮಾಡಸ್ರಿ.”

ಈಗ ನನಗೆ ಸಿಟ್ಟು ಬಂತು. ಹಗ್ಗ ಬಿಚ್ಚಿದರೆ ಗಂಗವ್ವ ಆ ಮೊಣಕಾಲಿನಲ್ಲಿ ಹೊಳೆಯ ಏರು ಹತ್ತಬೇಕು. ಇಲ್ಲವೇ ಹಸಿ ಬಾಣಂತಿ ಹತ್ತಬೇಕು. ಒಂದು ಮಗು ಹೋದ ಏರು ಅದು. ನನಗೆ ಅವರ ಮೇಲೆ ಕೂಗಾಡಬೇಕೆನಿಸಿತು. ಆದರೆ ಸೆಕ್ರೆಟರಿಗೆ ಕೂಗಾಡುವ ಅಧಿಕಾರವಿಲ್ಲ. “ಠರಾವಿಗೆ ಕಾರಣ ಏನಂತ ಬರೀಲಿ?” ಎಂದೆ.

“ಕಾರಣ? ಕಾರಣ ಏನ್ ಕೇಳತೀರಿ? ಆ ಕಡೆ ನಾಲ್ಕ ಮಂದಿಗೆ ಅರ್ಧ ಬಾವಿ, ಈ ಕಡೆ ಊರಿಗೆಲ್ಲ ಅರ್ಧ ಬಾವಿ. ಎಲ್ಲೀ ನ್ಯಾಯ ಇದು? ಸರಕಾರಿ ಬಾವಿ ಎಲ್ಲಾರದೂ ಹೌದೋ ಅಲ್ಲೋ? ಯಾರ ಬೇಕಾದರೂ ಯಾವ ಗಡಗಡಿ ಮ್ಯಾಲ ಬೇಕಾದರೂ ಸೇದಬೇಕು!”

ಈ ಸಲ ಅವರ ಕಣ್ಣು ತೆರೆದಿದ್ದವು.

“ಇನ್ನೊಮ್ಮೆ ಹೇಳ್ರಿ” ಎಂದೆ. ಹೇಳಿದರು. ಬರೆದುಕೊಂಡೆ. ಓದಿ ತೋರಿಸಿದೆ. ತಮ್ಮ ಮಾತು ಬರಹದಲ್ಲಿ ಕೇಳಲು ಚೆನ್ನಾಗಿರುತ್ತದೆ, ಎಲ್ಲರಿಗೂ ಹಾಗೆಯೇ. “ಬರೋಬ್ಬರಿ” ಎಂದರು. ಸೂಚಕರು ಎಂಬಲ್ಲಿ ಸಹಿ ಮಾಡಿದರು.

“ಮತ್ತ ಹಗ್ಗ?” ಎಂದೆ. “ಯಾರ ಬೇಕಾದರೂ ಯಾವುದರ ಮ್ಯಾಲ ಬೇಕಾದರೂ ಸೇದಬೇಕಂದರ, ನಿಮ್ಮ ಸೊಸಿಗೂ ಆ ಹಗ್ಗ ಬೇಕಾಗತದ ನೋಡ್ರಿ.”

ಅವರು ವಾರೆಯಾದ ರುಮಾಲನ್ನು ಸರಿ ಮಾಡಿಕೊಂಡರು. “ಶನಿವಾರದತನಕ ಇರಲಿ ಬಿಡ್ರಿ” ಎಂದು ಕೂತು ಚಹಾ ಕುಡಿದರು. (ನಮ್ಮ ಮನೆಯಲ್ಲಿ! ಆದರೆ ಅದು ಇನ್ನೊಂದು ವಿಷಯ.)

ಠರಾವಿಗೆ ಸೂಚಕರು ಸಿಕ್ಕರೆ ಸಾಲದು, ಅನುಮೋದಕರೂ ಬೇಕು. ನಿನ್ನೆ ಖಾನಾಪುರಕ್ಕೆ ಹೋಗಿ ಒಬ್ಬೊಬ್ಬರನ್ನೇ ಕಂಡೆ. ದೀಕ್ಷಿತರು, ಠರಾವು ಉತ್ತಮವಾಗಿದೆ, ಪಾಟೀಲರು ಅನುಮೋದಿಸಿದರೆ ಇನ್ನೂ ಶೋಭೆ ಎಂದರು. ಪಾಟೀಲರು ತಮ್ಮದೇ ಒಂದು ಠರಾವು ತಯಾರಿಟ್ಟಿದ್ದರು: ಐದನೆಯ ಗಡಗಡೆಯ ಹಗ್ಗ ಬಿಚ್ಚತಕ್ಕದ್ದು. ಅಂಗಡಿಯವರದು ಬಿದ್ದರೆ ಇದು ಮುಂದೆ ಬರುತ್ತದೆ, ಇದಕ್ಕೆ ಅನುಮೋದಕರು ದೀಕ್ಷಿತರೇ. ಹುಸೇನಸಾಹೇಬರು ಮಾತ್ರ ನನ್ನ ಕೈ ಹಿಡಿದುಕೊಂಡು ಹೇಳಿದರು: “ರಾಯರ, ನಾ ಖಂಡಿತ ಕೈ ಎತ್ತತೀನಿ. ಆದ್ರ ಮೊದಲನೇ ಕೈ ನಂದಾಗೂದು ಬ್ಯಾಡ.”

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಗಂಗವ್ವ ಬಾವಿಯ ಹತ್ತಿರ ಸಿಕ್ಕಳು. ಮೊಮ್ಮಗಳು ಚೆನ್ನಾಗಿದ್ದಾಳಂತೆ. ನಾನು ಸುಳ್ಳು ಹೇಳಲಾರದೆ ಶನಿವಾರದ ವಿಷಯ ತಿಳಿಸಿದೆ, ಹಗ್ಗ ಹೋಗಬಹುದು ಎಂದೆ.

“ಅನುಮೋದನಿ ಅಂದ್ರೇನ್ರಿ ರಾಯರ?”

“ಠರಾವು ನನಗೂ ಒಪ್ಪಿಗಿ ಅಂತ ಕೈ ಎತ್ತೋದು.”

“ಇಷ್ಟ ಹೌದಲ್ರಿ? ನಾ ಎತ್ತತೀನಿ” ಎಂದಳು. ಅಲ್ಲಿಯೇ ಎತ್ತಿಯೂ ತೋರಿಸಿದಳು.

ರಾತ್ರಿಯೆಲ್ಲ ಕಮಿಟಿಯ ನಿಯಮ ಓದಿದೆ. “ಸಭೆಗೆ ಹಾಜರಿರುವವರು ಅನುಮೋದಿಸಬಹುದು” ಎಂದಷ್ಟೇ ಇದೆ. ಹಾಜರಿ ಹಾಕುವವನು ನಾನು. ಹುಣಸೆಮರದ ಕೆಳಗೆ ಕೂತ ದಿನ ಗಂಗವ್ವನನ್ನು ಹಾಜರು ಎಂದು ಬರೆದವನೂ ನಾನೇ. ಆಗ ಅದನ್ನು ಕಮಿಟಿಯವರು ಕೇಳಿ, ಒಪ್ಪಿ, ಸಹಿ ಮಾಡಿದ್ದಾರೆ.

ನೀವು ಇದನ್ನು ಓದುವ ಹೊತ್ತಿಗೆ ಶನಿವಾರಕ್ಕೆ ಎರಡೇ ದಿನ ಉಳಿದಿರುತ್ತದೆ. ಒಳಗೆ ನಾಲ್ಕು ಕೈ ಮಡಿಲಲ್ಲಿರುತ್ತವೆ, ಹೊರಗೆ ಒಂದು ಎದ್ದಿರುತ್ತದೆ.

ನೆರಳಲ್ಲಿ ಕೂತು ಓದುತ್ತಿರುವ ದೊಡ್ಡವರೇ, ನೀವೇ ಹೇಳಿ: ಹೊರಗೆ ಎತ್ತಿದ ಕೈ, ಕೈ ಹೌದೋ ಅಲ್ಲವೋ?